ಶ್ರೀರಂಗಪಟ್ಟಣದ ದಂಗೆ, ನಮ್ಮ ಮನೆ ಗುಂಪಿನ ಜಗಳ

ಚಿಕ್ಕಪ್ಪ (ಫಾರ್ವರ್ಡ್): 🔥 ಪಠ್ಯಪುಸ್ತಕ ಹೇಳದ ಸತ್ಯ! 🔥 1857ಕ್ಕಿಂತ ಮೊದಲೇ, 1809ರಲ್ಲಿ, ನಮ್ಮ ಶ್ರೀರಂಗಪಟ್ಟಣ ಕೋಟೆಯಲ್ಲಿ ಕಂಪನಿ ಸರ್ಕಾರದ ವಿರುದ್ಧ ಸೈನಿಕರ ದಂಗೆ! ಕಾವೇರಿ ನಡುವಿನ ದ್ವೀಪದಲ್ಲಿ ಸಿಡಿದ ಸ್ವಾತಂತ್ರ್ಯದ ಮೊದಲ ಕಿಡಿ! ಕನ್ನಡಿಗರಾದರೆ ಹತ್ತು ಗುಂಪಿಗೆ ಕಳುಹಿಸಿ.

ಸುಮಾ ಅತ್ತೆ: 🙏🙏 ಮೈ ಜುಮ್ಮೆಂದಿತು.

ರಶ್ಮಿ: ಚಿಕ್ಕಪ್ಪ, ದಂಗೆ ಆಗಿದ್ದು ನಿಜ. ಆದರೆ ಎದ್ದವರು ಯಾರು ಗೊತ್ತಾ? ಇಂಗ್ಲಿಷ್ ಅಧಿಕಾರಿಗಳು. ಮದರಾಸು ಸೈನ್ಯದ ಬಿಳಿ ಸಾಹೇಬರು ತಮ್ಮದೇ ಗವರ್ನರ್ ಜಾರ್ಜ್ ಬಾರ್ಲೋ ಮೇಲೆ ತಿರುಗಿಬಿದ್ದಿದ್ದರು.

ಪ್ರದೀಪ: ಯಾಕೆ, ಇನ್‌ಕ್ರಿಮೆಂಟ್ ಕೊಡಲಿಲ್ವಾ? 😄

ರಶ್ಮಿ: ಹೆಚ್ಚುಕಡಿಮೆ ಅದೇ. ಪಲ್ಟನ್ನಿಗೆ ಡೇರೆ, ಅದನ್ನು ಸಾಗಿಸುವ ವ್ಯವಸ್ಥೆ ಎಲ್ಲ ಒದಗಿಸಲು ಅದರ ಮುಖ್ಯಸ್ಥನಿಗೆ ತಿಂಗಳು ತಿಂಗಳು ಇಂತಿಷ್ಟು ಅಂತ ದುಡ್ಡು ಬರುತ್ತಿತ್ತು. ಯುದ್ಧ ಇರಲಿ ಬಿಡಲಿ, ಅಷ್ಟೇ ದುಡ್ಡು. ಯುದ್ಧ ಇಲ್ಲದಾಗ ಉಳಿದದ್ದು ಜೇಬಿಗೆ. ಖರ್ಚು ಜಾಸ್ತಿ ಅಂತ ಸರ್ಕಾರ ಅದನ್ನು ನಿಲ್ಲಿಸಿತು. ಈ ಪದ್ಧತಿಯಲ್ಲಿ ಅಧಿಕಾರಿಯ ಲಾಭ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ ಎಳೆಯುತ್ತದೆ ಅಂತ ಮದರಾಸು ಸೈನ್ಯದ ಸಾಮಗ್ರಿ ನೋಡಿಕೊಳ್ಳುತ್ತಿದ್ದ ಅಧಿಕಾರಿ ಜಾನ್ ಮನ್ರೋ ವರದಿ ಬರೆದಿದ್ದ. (ಬಳ್ಳಾರಿ ಕಡೆಯ ಥಾಮಸ್ ಮನ್ರೋ ಅಲ್ಲ, ಇವನು ಬೇರೆ.) ಕಳ್ಳರು ಅಂದ ಹಾಗಾಯಿತಲ್ಲ, ಸಾಹೇಬರು ಕೆರಳಿದರು. ಮೊದಲು ಮಚಲಿಪಟ್ಟಣ, ಆಮೇಲೆ ಹೈದರಾಬಾದ್, ಶ್ರೀರಂಗಪಟ್ಟಣ.

ಚಿಕ್ಕಪ್ಪ: ಕಾರಣ ಏನಾದರೂ ಇರಲಿ. ಕೋಟೆ ಹಿಡಿದುಕೊಂಡು ಕಂಪನಿಗೆ ಎದುರು ನಿಂತರು ತಾನೆ?

ದೊಡ್ಡಪ್ಪ: ಲೋ ರಾಜು, ಪಾಲಿಗಾಗಿ ಒಳಗೊಳಗೇ ಹೊಡೆದಾಡಿದರೆ ಸ್ವಾತಂತ್ರ್ಯ ಹೋರಾಟವಾ? ಟಿಪ್ಪು ಸತ್ತ ಮೇಲೆ ಒಡೆಯರಿಗೆ ಮೈಸೂರು ಸೀಮೆ ಕೊಟ್ಟರೂ ಆ ದ್ವೀಪ, ಕೋಟೆ ಎರಡನ್ನೂ ಕಂಪನಿಯವರು ಬಿಟ್ಟುಕೊಡಲಿಲ್ಲ. ಅವರ ಕೋಟೆ, ಅವರ ಜಗಳ.

ರಶ್ಮಿ: ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಕೋಟೆಯವರನ್ನು ಸೇರಿಕೊಳ್ಳಲು ಚಿತ್ರದುರ್ಗದಿಂದ ಎರಡು ಪಲ್ಟನ್ ಹೊರಟವು. ಹೇಳಿದ ಕಡೆ ನಡೆಯುವ ದೇಶಿ ಸಿಪಾಯಿಗಳು. ಆಗಸ್ಟ್ 11ರಂದು ಪಟ್ಟಣದ ಹತ್ತಿರ ಬಂದಾಗ ಸರ್ಕಾರದ ಕುದುರೆ ದಳ, ಮೈಸೂರಿನ ಸವಾರರು ಸೇರಿ ಅವರ ಮೇಲೆ ಬಿದ್ದರು. ಸಾಹೇಬರ ಡೇರೆ ದುಡ್ಡಿಗೆ ಪ್ರಾಣ ಕೊಟ್ಟವರು ಅವರು.

ಸುಮಾ ಅತ್ತೆ: ಮೈಸೂರಿನ ಸವಾರರಾ? ನಮ್ಮವರೇ?

ರಶ್ಮಿ: ಹೌದು ಅತ್ತೆ. ದಿವಾನ್ ಪೂರ್ಣಯ್ಯನವರ ಕಾಲ.

ಚಿಕ್ಕಪ್ಪ: ನೋಡಿ! ಪೂರ್ಣಯ್ಯ ಕೋಟೆಯವರ ಕಡೆ ನಿಂತಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ದೊಡ್ಡಪ್ಪ: ಏನಾಗುತ್ತಿತ್ತು? ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕು. ಮಹಾರಾಜರಿಗೆ ಆಗ 15 ವರ್ಷ. ಕೋಟೆಯವರು ಗೆದ್ದಿದ್ದರೂ ಒಬ್ಬ ಸಾಹೇಬ ಹೋಗಿ ಇನ್ನೊಬ್ಬ ಸಾಹೇಬ. ಸುಮ್ನೆ ಮನೆಯಲ್ಲಿ ಕೂತು ದಿವಾನಗಿರಿ ಮಾಡಬೇಡ.

ಪ್ರದೀಪ: 😂😂 ಕೊನೆಗೆ ಸಾಹೇಬರು ಏನಾದರು?

ರಶ್ಮಿ: ಆಗಸ್ಟ್ ಮುಗಿಯುವುದರೊಳಗೆ ಶರಣಾದರು. ಕೋಟೆಯ ಮುಖ್ಯಸ್ಥ ಕರ್ನಲ್ ಬೆಲ್‌ನನ್ನು ಸೈನ್ಯದಿಂದ ವಜಾ ಮಾಡಿದರು. ಮದರಾಸು ಸೈನ್ಯದಲ್ಲಿ ಸುಮಾರು ಇಪ್ಪತ್ತು ಅಧಿಕಾರಿಗಳನ್ನು ಬಿಟ್ಟು ಉಳಿದವರಿಗೆಲ್ಲ ಕ್ಷಮೆ. ಒಬ್ಬನಿಗೂ ಗಲ್ಲಿಲ್ಲ. ಮೂರೇ ವರ್ಷ ಮೊದಲು ವೆಲ್ಲೂರಿನಲ್ಲಿ ಎದ್ದ ಸಿಪಾಯಿಗಳನ್ನು ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿದ್ದರು. ಹತ್ತು ಗುಂಪಿಗೆ ಕಳುಹಿಸಬೇಕಾದದ್ದು ಅದು, ಚಿಕ್ಕಪ್ಪ.

ಚಿಕ್ಕಪ್ಪ: ನೀವೆಲ್ಲ ಜಾಸ್ತಿ ಓದಿದವರು. ನಾನಂತೂ ಡಿಲೀಟ್ ಮಾಡುವುದಿಲ್ಲ. ದಂಗೆ ಅಂದರೆ ದಂಗೆ.

ಸುಮಾ ಅತ್ತೆ: ನಾನು ಆಗಲೇ ಭಜನಾ ಮಂಡಳಿ ಗುಂಪಿಗೆ ಕಳಿಸಿಯಾಯಿತು, ಎಲ್ಲರೂ ಕೈ ಮುಗಿದಿದ್ದಾರೆ. ಆ ಚಿತ್ರದುರ್ಗದ ಸಿಪಾಯಿಗಳ ವಿಷಯ ನಾಲ್ಕು ಸಾಲು ಬರೆದುಕೊಡು ರಶ್ಮಿ, ಅದನ್ನೂ ಹಾಕುತ್ತೇನೆ.