ಗಲ್ವಾನ್‌ನ ನಾಯಕ್ ದೀಪಕ್ ಸಿಂಗ್ ಬಗ್ಗೆ ಶಾಲಾ ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ಗದಗ ಜಿಲ್ಲೆ

ಜೂನ್ 15ಕ್ಕೆ ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಗಲ್ವಾನ್ ಹುತಾತ್ಮರ ಬಗ್ಗೆ, ಅಂದರೆ 2020ರಲ್ಲಿ ಅದೇ ದಿನ ಲಡಾಖ್‌ನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ಮಡಿದ ನಮ್ಮ ಯೋಧರ ಬಗ್ಗೆ, ಮಾತನಾಡುವ ಹೊಣೆ ನನ್ನದು. ಪ್ರತಿ ವರ್ಷ ‘ಇಪ್ಪತ್ತು ಯೋಧರು’ ಎನ್ನುತ್ತೇವೆ, ಅವರನ್ನು ಮುನ್ನಡೆಸಿದ ಕರ್ನಲ್ ಸಂತೋಷ್ ಬಾಬು ಅವರ ಹೆಸರು ಹೇಳುತ್ತೇವೆ, ಮೌನ ಆಚರಿಸಿ ತರಗತಿಗೆ ಹೋಗುತ್ತೇವೆ. ಈ ಸಲ ಒಬ್ಬರ ಬಗ್ಗೆಯೇ ಹೇಳುವ ಆಸೆ. ಅವರು ನಾಯಕ್ ದೀಪಕ್ ಸಿಂಗ್, ಮಧ್ಯಪ್ರದೇಶದ ರೀವಾ ಜಿಲ್ಲೆಯವರು. ಸೇನಾ ವೈದ್ಯಕೀಯ ದಳಕ್ಕೆ ಸೇರಿದ ಅವರು 16ನೇ ಬಿಹಾರ ಬೆಟಾಲಿಯನ್ ಜೊತೆಗಿದ್ದರು. ಮೂವತ್ತಕ್ಕೂ ಹೆಚ್ಚು ಗಾಯಾಳುಗಳನ್ನು ಉಪಚರಿಸಿ, ಕೊನೆಗೆ ತಾವೇ ಉಳಿಯಲಿಲ್ಲ. ಮರಣೋತ್ತರ ವೀರಚಕ್ರ ಬಂದಿದೆ.

ಅವರು ವೈದ್ಯರೋ ಸೈನಿಕರೋ? ಆ ರಾತ್ರಿ ಅವರ ಕೈಗಳು ಮಾಡಿದ ಕೆಲಸ ಎಂಥದು? ‘ಪ್ರಾಣ ಉಳಿಸಿದರು’ ಎಂದಷ್ಟೇ ಹೇಳಿದರೆ ಎಂಟನೇ ತರಗತಿಯ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ಉತ್ತರ: ನಿವೃತ್ತ ಹವಾಲ್ದಾರ್, ಬೆಳಗಾವಿ

ಮೇಷ್ಟ್ರೇ, ಅದೇ ದಳದಲ್ಲಿ ಅದೇ ಕೆಲಸ ಮಾಡಿದವನು ನಾನು. ದೀಪಕ್ ವೈದ್ಯರಲ್ಲ, ನರ್ಸಿಂಗ್ ಅಸಿಸ್ಟೆಂಟ್. ಸೈನಿಕರೂ ಹೌದು. ನಮಗೆ ಲಖನೌದಲ್ಲಿ ತರಬೇತಿ. ಮೊದಲು ಎಲ್ಲ ಸಿಪಾಯಿಗಳಂತೆ ಕವಾಯತು, ಬಂದೂಕು. ಆಮೇಲೆ ರಕ್ತ ನಿಲ್ಲಿಸುವುದು, ಉಸಿರಿನ ದಾರಿ ಬಿಡಿಸುವುದು, ಮುರಿದ ಮೂಳೆಗೆ ಆಧಾರ ಕಟ್ಟುವುದು, ಸೂಜಿ ಹಾಕುವುದು. ಬೆಟಾಲಿಯನ್‌ನಲ್ಲಿ ಒಬ್ಬ ವೈದ್ಯಾಧಿಕಾರಿ ಇರುತ್ತಾರೆ, ಅವರ ಕೈಕೆಳಗೆ ನಾವು.

ಪ್ರಶಸ್ತಿಯ ವಿವರದಲ್ಲಿ ಒಂದು ಸಂಗತಿ ಇದೆ, ಅದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ. ಘರ್ಷಣೆ ಜೋರಾಗಿ ಗಾಯಾಳುಗಳು ಹೆಚ್ಚಿದಾಗ ದೀಪಕ್ ಮುಂಚೂಣಿಗೆ ಹೋದರು. ಸಾಮಾನ್ಯವಾಗಿ ಗಾಯಾಳುವನ್ನು ಹಿಂದಕ್ಕೆ, ಚಿಕಿತ್ಸೆ ಕೊಡುವ ಜಾಗಕ್ಕೆ ಹೊತ್ತು ತರುತ್ತಾರೆ. ಅಷ್ಟು ಹೊತ್ತು ಕಾಯಲಾಗದವರು ಮುಂದೆ ಬಿದ್ದಿದ್ದರು, ಅದಕ್ಕೇ ಅವರು ಅಲ್ಲಿಗೆ ಹೋದರು. ಕಲ್ಲೇಟಿನಿಂದ ತಮಗೇ ತೀವ್ರ ಗಾಯವಾದ ಮೇಲೂ ಕೈ ನಿಲ್ಲಿಸಲಿಲ್ಲ.

ಅಂದು ಗುಂಡು ಹಾರಲಿಲ್ಲ. ಗಡಿರೇಖೆಯ ಬಳಿ ಗುಂಡು ಹಾರಿಸಬಾರದೆಂದು 1996ರಲ್ಲಿ ಭಾರತ, ಚೀನಾ ಎರಡೂ ಒಪ್ಪಿದ್ದವು. ಕಲ್ಲು, ದೊಣ್ಣೆ, ಸಲಾಕೆಗಳಲ್ಲಿ ಹೊಡೆದಾಟವಾಯಿತು. ಅಂಥ ಏಟಿಗೆ ತಲೆ ಒಡೆಯುತ್ತದೆ, ಮೂಳೆ ಮುರಿಯುತ್ತದೆ. ಜಾಗ ಸುಮಾರು 14,000 ಅಡಿ ಎತ್ತರದ್ದು, ಪಕ್ಕದಲ್ಲಿ ಹಿಮ ಕರಗಿ ಹರಿಯುವ ನದಿ. ಮರುದಿನ ಸೇನೆಯ ಹೇಳಿಕೆಯಲ್ಲೇ ಇತ್ತು: ತೀವ್ರವಾಗಿ ಗಾಯಗೊಂಡಿದ್ದ 17 ಮಂದಿ ಸೊನ್ನೆಗಿಂತ ಕೆಳಗಿನ ಚಳಿಗೂ ಸಿಕ್ಕಿ ತೀರಿಕೊಂಡರು. ಗಾಯ ಒಂದು ಕಡೆಯಿಂದ, ಚಳಿ ಇನ್ನೊಂದು ಕಡೆಯಿಂದ. ಆ ಕತ್ತಲೆಯಲ್ಲಿ ಬೆರಳು ಮರಗಟ್ಟುತ್ತಿರುವಾಗ ಗಾಯದ ಮೇಲೆ ಪಟ್ಟಿ ಬಿಗಿಯಾಗಿ ಕೂರಿಸುವುದು ಎಷ್ಟು ಕಷ್ಟವೆಂದು ಎತ್ತರದ ಠಾಣೆಗಳಲ್ಲಿ ಚಳಿಗಾಲ ಕಳೆದ ನನಗೆ ಗೊತ್ತು. ಅವರು ಅದನ್ನು ಮೂವತ್ತಕ್ಕೂ ಹೆಚ್ಚು ಜನರಿಗೆ ಮಾಡಿದರು, ತಾವೂ ಗಾಯಗೊಂಡು.

ಒಂದು ಕೋರಿಕೆ. ದಯವಿಟ್ಟು ಅವರನ್ನು ಭಾಷಣದಲ್ಲಿ ‘ಶತ್ರುಗಳನ್ನು ಸದೆಬಡಿದ ವೀರ’ ಮಾಡಬೇಡಿ. ಹಾಗೆ ಅಂದಾಗಲೆಲ್ಲ ನನಗೆ ನೋವಾಗುತ್ತದೆ. ವೀರಚಕ್ರ ಬಂದದ್ದು ಅವರು ಉಳಿಸಿದ ಜೀವಗಳಿಗಾಗಿ.

ಉತ್ತರ: ಶುಶ್ರೂಷಕಿ, ತುರ್ತು ಚಿಕಿತ್ಸಾ ವಿಭಾಗ, ಹುಬ್ಬಳ್ಳಿ

ಹವಾಲ್ದಾರ್ ಸರ್ ಚಳಿಯ ಬಗ್ಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ರಕ್ತ ಹೋದಷ್ಟೂ ಮೈ ಇನ್ನಷ್ಟು ತಣ್ಣಗಾಗುತ್ತದೆ. ಅಪಘಾತದ ಗಾಯಾಳು ಬಂದ ಕೂಡಲೇ ಒದ್ದೆ ಬಟ್ಟೆ ತೆಗೆದು ನಾವು ಕಂಬಳಿ ಹೊದಿಸುವುದು ಇದಕ್ಕೇ. ನಮಗೆ ಬೆಳಕು, ಬೆಚ್ಚನೆಯ ಕೋಣೆ, ಕರೆದರೆ ಬರುವ ಡಾಕ್ಟರ್ ಎಲ್ಲ ಇದ್ದಾರೆ. ಆದರೂ ಒಮ್ಮೆಗೇ ಐದಾರು ಗಾಯಾಳುಗಳು ಬಂದರೆ ಮೊದಲು ಯಾರ ಬಳಿ ಹೋಗಲಿ ಎಂದು ಎದೆ ಹೊಡೆದುಕೊಳ್ಳುತ್ತದೆ. ಆ ಆಯ್ಕೆಯನ್ನು ದೀಪಕ್ ಅವರೂ ಮತ್ತೆ ಮತ್ತೆ ಮಾಡಿರಲೇಬೇಕು. ಮಕ್ಕಳಿಗೆ ಅದನ್ನೂ ಹೇಳಿ ಸರ್.

ಉತ್ತರ: ಪದವಿ ವಿದ್ಯಾರ್ಥಿನಿ, ಎನ್‌ಸಿಸಿ, ಶಿವಮೊಗ್ಗ

ಅವರ ಪತ್ನಿ ರೇಖಾ ಸಿಂಗ್ ಅವರನ್ನು ಬಿಡಬೇಡಿ ಸರ್. ಅವರೂ ನಿಮ್ಮಂತೆ ಶಿಕ್ಷಕಿಯಾಗಿದ್ದವರು. ಮದುವೆಯಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಗಲ್ವಾನ್ ಘಟನೆ ನಡೆಯಿತು. ಆಮೇಲೆ ಸೇನೆಯ ಆಯ್ಕೆಗೆ ಸಿದ್ಧತೆ ಮಾಡಿಕೊಂಡರು, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಸೇರಿದರು, 2023ರ ಏಪ್ರಿಲ್‌ನಲ್ಲಿ ಲೆಫ್ಟಿನೆಂಟ್ ಆದರು. ನಿಯೋಜನೆ ಸಿಕ್ಕಿದ್ದು ಪೂರ್ವ ಲಡಾಖ್‌ಗೆ. ನನ್ನ ಹಾಸ್ಟೆಲ್ ಕೋಣೆಯ ಗೋಡೆಯಲ್ಲಿ ಅವರ ಚಿತ್ರವಿದೆ. ನಿಮ್ಮ ಶಾಲೆಯ ಹುಡುಗಿಯರಿಗೂ ಅವರ ಹೆಸರು ಗೊತ್ತಾಗಲಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ‘ಮುಂಚೂಣಿಗೆ ಹೋದರು’ ಎಂಬಲ್ಲಿಂದಲೇ ಮಾತು ಆರಂಭಿಸುತ್ತೇನೆ. ಹವಾಲ್ದಾರ್ ಸರ್, ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದೇ?

ಉತ್ತರ: ನಿವೃತ್ತ ಹವಾಲ್ದಾರ್, ಬೆಳಗಾವಿ

ಖಂಡಿತ ಮಾಡಿಸಿ. ಹಳೆಯ ಹತ್ತಿ ಸೀರೆ ಹರಿದು ಅಗಲ ಪಟ್ಟಿ ಮಾಡಿಕೊಳ್ಳಿ, ಇಬ್ಬಿಬ್ಬರ ಜೋಡಿ ಮಾಡಿ. ಮೊದಲು ಅಂಗೈಯಿಂದ ಒತ್ತಿ ಹಿಡಿಯುವುದು, ಆಮೇಲೆ ಕಟ್ಟುವುದು. ಒತ್ತಿದ ಕೈಯನ್ನು ನಡುವೆ ಎತ್ತಿ ನೋಡಬಾರದು, ಹೆಚ್ಚಿನವರು ತಪ್ಪುವುದು ಅಲ್ಲೇ. ಮುಖ್ಯೋಪಾಧ್ಯಾಯರು ಒಪ್ಪಿದರೆ ನಾನೇ ಹಿಂದಿನ ದಿನ ಬಸ್ಸಿನಲ್ಲಿ ಗದಗಕ್ಕೆ ಬಂದು ಉಳಿದುಕೊಳ್ಳುತ್ತೇನೆ. ಎಷ್ಟು ಮಕ್ಕಳಿದ್ದಾರೆ ಎಂದು ತಿಳಿಸಿ, ಪಟ್ಟಿ ನಾನೇ ತರುತ್ತೇನೆ.