ಒರಗು ಸೈಕಲ್ಲಿಗೆ ಮುಂದೆ ಕ್ಯಾರಿಯರ್ ಹಾಕಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ನೆದರ್ಲೆಂಡ್ಸಿನ ಐಂಡ್‌ಹೋವನ್‌ನಿಂದ:

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ಹಳೆಯದೊಂದು ಒರಗು ಸೈಕಲ್ ಕೊಂಡೆ. ಇಲ್ಲಿಯವರು ‘ಲಿಖ್‌ಫೀಟ್ಸ್’ ಎನ್ನುತ್ತಾರಲ್ಲ, ಬೆನ್ನು ಒರಗಿಸಿ ಕಾಲು ಮುಂದಕ್ಕೆ ಚಾಚಿ ತುಳಿಯುವಂಥದ್ದು. ಮುಂದೆ 20 ಅಂಗುಲದ ಚಕ್ರ, ಹಿಂದೆ 26. ಮುಂಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕ್, ಸ್ಟೀಲಿನದು, ಡಿಸ್ಕ್ ಬ್ರೇಕ್. ಪೆಡಲುಗಳು ಮುಂಚಕ್ರಕ್ಕಿಂತ ಮುಂದಿವೆ. ಮೇ ತಿಂಗಳಲ್ಲಿ ಹೆಂಡತಿಯ ಜೊತೆ ಮಾಸ್ಟ್ರಿಕ್ಟ್‌ವರೆಗೆ ಹೋಗಿ, ದಕ್ಷಿಣ ಲಿಂಬರ್ಗಿನ ದಿಣ್ಣೆಗಳಲ್ಲಿ ಸುತ್ತಿ ಬರುವ ಆಸೆ. ಟೆಂಟು, ಅಡುಗೆ ಸಾಮಾನು ಸೇರಿ 18 ಕಿಲೋ ಆಗುತ್ತದೆ. ಅಷ್ಟನ್ನೂ ಹಿಂದಿನ ಕ್ಯಾರಿಯರಿಗೆ ಹೇರಿ ನೋಡಿದೆ. ಸೇತುವೆ ಏರುವಾಗ ಮುಂಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತಕ್ಕೇ ಸಿಗುವುದಿಲ್ಲ. ಮುಂದೆ ಒಂದು ಕ್ಯಾರಿಯರ್ ಹಾಕಿ ಸ್ವಲ್ಪ ಭಾರವನ್ನು ಅಲ್ಲಿಗೆ ತರಬಹುದೇ? ಎಲ್ಲಿ, ಹೇಗೆ ಕೂರಿಸಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ, ಉಟ್ರೆಕ್ಟ್‌ನಿಂದ:

ನಿಮ್ಮದೇ ಬಗೆಯ ಸೈಕಲನ್ನು ಒಂಬತ್ತು ವರ್ಷದಿಂದ ತುಳಿಯುತ್ತಿದ್ದೇನೆ. ಮೂರು ಬಗೆಯಲ್ಲಿ ಮುಂದೆ ಭಾರ ಹೊತ್ತು ನೋಡಿದ್ದೇನೆ. ಮೊದಲು ಒಂದು ಮಾತು. ಭಾರ ಮುಂದಕ್ಕೆ ಬರಬೇಕು ಎಂದರೆ ಮುಂಚಕ್ರದಿಂದಲೂ ಮುಂದಕ್ಕೆ ಹೋಗಬೇಕು ಎಂದಲ್ಲ. ಎರಡು ಚಕ್ರಗಳ ನಡುವೆ ಬಂದರೆ ಸಾಕು.

ಇದು ಸನ್ನೆಗೋಲಿನ ಲೆಕ್ಕ. ಎರಡು ಅಚ್ಚುಗಳ ನಡುವಿನ ಅಂತರ ಒಂದು ಮೀಟರ್ ಎಂದಿಟ್ಟುಕೊಳ್ಳಿ. 10 ಕಿಲೋ ಚೀಲವೊಂದು ಹಿಂದಿನ ಅಚ್ಚಿನಿಂದ 20 ಸೆಂಟಿಮೀಟರ್ ಹಿಂದಕ್ಕೆ ಇದ್ದರೆ ಹಿಂಚಕ್ರದ ಮೇಲೆ 12 ಕಿಲೋ ಬೀಳುತ್ತದೆ, ಮುಂಚಕ್ರದ ಮೇಲಿನ ಭಾರ 2 ಕಿಲೋ ಇಳಿಯುತ್ತದೆ. ನಿಮ್ಮ ಹ್ಯಾಂಡಲ್ ಆಡುವುದು ಇದರಿಂದಲೇ. ಅದೇ ಚೀಲವನ್ನು ಮುಂದಿನ ಅಚ್ಚಿನಿಂದ 20 ಸೆಂಟಿಮೀಟರ್ ಮುಂದೆ ನೇತುಹಾಕಿದರೆ ಮುಂಚಕ್ರಕ್ಕೆ 12 ಕಿಲೋ, ಹಿಂಚಕ್ರ 2 ಕಿಲೋ ಹಗುರ. ಚಕ್ರಗಳ ನಡುವೆ, ನಿಮ್ಮ ಆಸನದ ಕೆಳಗೆ ಬಂದರೆ ಎರಡಕ್ಕೂ ಹೆಚ್ಚುಕಡಿಮೆ ಐದೈದು ಕಿಲೋ. ಮೇಲಾಗಿ ಅದು ನೆಲಕ್ಕೆ ಹತ್ತಿರ ಇರುತ್ತದೆ, ಹ್ಯಾಂಡಲಿನ ಜೊತೆ ತಿರುಗುವುದೂ ಇಲ್ಲ. ಆದ್ದರಿಂದ ನಿಮ್ಮ ಚೌಕಟ್ಟಿನಲ್ಲಿ ಜಾಗವಿದ್ದರೆ ಆಸನದ ಕೆಳಗಿನ ಕ್ಯಾರಿಯರ್ ಮೊದಲ ಆಯ್ಕೆಯಾಗಲಿ.

ಅದಕ್ಕೆ ಜಾಗವಿಲ್ಲದಿದ್ದರೆ ಫೋರ್ಕಿನ ಎರಡು ಪಕ್ಕದಲ್ಲಿ ತಗ್ಗಿನ ಕ್ಯಾರಿಯರ್. ನಾನು ಆರು ವರ್ಷ ಬಳಸಿದ್ದು ಇದನ್ನೇ. ಆದರೆ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮ ಚೀಲದ ಅಳತೆಗೆ ಎರಡು ರಟ್ಟಿನ ಪೆಟ್ಟಿಗೆ ಕತ್ತರಿಸಿ, ಫೋರ್ಕಿಗೆ ಟೇಪು ಸುತ್ತಿ ಅಂಟಿಸಿ. ಹೆಂಡತಿ ಸೈಕಲನ್ನು ಹಿಡಿದುಕೊಳ್ಳಲಿ. ಪ್ರವಾಸಕ್ಕೆ ಹಾಕಿಕೊಳ್ಳುವ ಶೂಗಳನ್ನೇ ಹಾಕಿ ಕುಳಿತು, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತುಳಿಯುತ್ತಾ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ. ಮಾಮೂಲಿ ಸೈಕಲ್ಲಿನಲ್ಲಿ ಪಾದ ಅಡ್ಡವಾಗಿರುತ್ತದೆ. ಇದರಲ್ಲಿ ಪಾದ ನೆಟ್ಟಗೆ ನಿಂತು ಹಿಮ್ಮಡಿ ಪೆಡಲಿನಿಂದ ಒಂದು ಗೇಣಿನಷ್ಟು ಕೆಳಗೆ ಇಳಿಯುತ್ತದೆ. ಹಿಮ್ಮಡಿ ಎಲ್ಲಿ ರಟ್ಟನ್ನು ಉಜ್ಜುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ನನ್ನದರಲ್ಲಿ ನೇರ ಹೋಗುವಾಗ ಎಲ್ಲವೂ ಸರಿಯಿತ್ತು. ಕಾಲುಭಾಗ ತಿರುಗಿಸಿದ ಕೂಡಲೇ ಎಡಗಾಲಿನ ಹಿಮ್ಮಡಿ ಪೆಟ್ಟಿಗೆಯ ಮೂಲೆಯನ್ನು ಬಗ್ಗಿಸಿಬಿಟ್ಟಿತು.

ಇನ್ನೊಂದು ತೊಡಕು ನೆಲದ್ದು. 20 ಅಂಗುಲದ ಚಕ್ರದ ಅಚ್ಚು ನೆಲದಿಂದ ಬರೀ 25 ಸೆಂಟಿಮೀಟರ್ ಮೇಲಿರುತ್ತದೆ. ಮುಂದಿನ ಚೀಲಗಳ ಎತ್ತರ ಸಾಮಾನ್ಯವಾಗಿ 30 ಸೆಂಟಿಮೀಟರ್. ಚೀಲದ ತಳಕ್ಕೂ ನೆಲಕ್ಕೂ ಕನಿಷ್ಠ 12 ಸೆಂಟಿಮೀಟರ್ ಅಂತರ ಬಿಡಿ, ಇಲ್ಲದಿದ್ದರೆ ಕಾಲುದಾರಿಯ ಅಂಚು ಹತ್ತಿಸುವಾಗ ತಳ ಕೆರೆಯುತ್ತದೆ. 28 ಅಂಗುಲದ ಚಕ್ರಕ್ಕೆಂದು ಮಾಡಿದ ಕ್ಯಾರಿಯರ್ ಇದಕ್ಕೆ ಹೊಂದುವುದು ಅಪರೂಪ. ಒರಗು ಸೈಕಲ್ಲಿಗೆ ಸಿದ್ಧ ಸಾಮಾನು ಸಿಗದಿರುವುದರ ಬೇರು ಹಳೆಯದು. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಪ್ಯಾರಿಸ್ಸಿನಲ್ಲಿ ಇಂಥದ್ದೇ ಸೈಕಲ್ ಏರಿ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ಹೆಚ್ಚು ದೂರ ತುಳಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಈ ಬಗೆಯ ಸೈಕಲನ್ನು ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಅಂದು ಆದದ್ದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಹೀಗೆ ಪಂದ್ಯದಿಂದ ಹೊರಗುಳಿದ ಸೈಕಲನ್ನು ಒಂದೊಂದು ಊರಿನವರು ಒಂದೊಂದು ಅಳತೆಯಲ್ಲಿ ಮಾಡುತ್ತಾ ಹೋದರು, ನಾವು ಈಗಲೂ ಕ್ಲಿಪ್ಪು ಹುಡುಕುತ್ತಿದ್ದೇವೆ.

ಕೂರಿಸುವ ಕೆಲಸಕ್ಕೆ ಬರೋಣ. ಫೋರ್ಕಿನಲ್ಲಿ ಕ್ಯಾರಿಯರಿಗೆಂದೇ ತೂತು ಇದ್ದರೆ ಐದು ಮಿಲಿಮೀಟರಿನ ಬೋಲ್ಟು ಸಾಕು. ಇಲ್ಲದಿದ್ದರೆ ರಬ್ಬರ್ ಒಳಪದರವಿರುವ ಸ್ಟೀಲ್ ಪಿ-ಕ್ಲಿಪ್ (ಕೊಳವೆಯನ್ನು ಸುತ್ತಿ ಬಿಗಿಯುವ ಪಟ್ಟಿ) ಬೇಕು. ಫೋರ್ಕಿನ ಕೊಳವೆಯ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆದೇ ಕ್ಲಿಪ್ ಕೊಳ್ಳಿ. ಒಂದು ಮಿಲಿಮೀಟರ್ ಸಡಿಲವಿದ್ದರೂ ಬ್ರೇಕು ಹಿಡಿದಾಗಲೆಲ್ಲ ಜಾರುತ್ತದೆ. ಡಿಸ್ಕ್ ಇರುವ ಪಕ್ಕದಲ್ಲಿ ಬ್ರೇಕಿನ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಭಾಗ) ಜಾಗ ಬಿಡಲು ನಡುವೆ ಒಂದು ಬಳೆ ಇಟ್ಟು ಉದ್ದದ ಬೋಲ್ಟು ಹಾಕಬೇಕಾಗುತ್ತದೆ. ಬೋಲ್ಟಿನ ತುದಿ ಒಳಗೆ ಡಿಸ್ಕಿಗೆ ತಾಗುತ್ತಿಲ್ಲವೇ ಎಂದು ಚಕ್ರ ತಿರುಗಿಸಿ ನೋಡಿ. ಕಾರ್ಬನ್ ಫೋರ್ಕಿಗೆ ಮಾತ್ರ ಕ್ಲಿಪ್ ಬಿಗಿಯುವ ಸಾಹಸ ಬೇಡ.

ಬೋಲ್ಟು ಸಡಿಲವಾಗದಂತೆ ತಡೆಯುವ ನೀಲಿ ಅಂಟನ್ನು ತಪ್ಪದೆ ಹಚ್ಚಿ. ಇಲ್ಲಿಯ ಹಳೆಯ ಬೀದಿಗಳಿಗೆ ಇಟ್ಟಿಗೆ ಹಾಸಿರುತ್ತಾರೆ, ಆ ಕಂಪನಕ್ಕೆ ಎಂಥ ಬೋಲ್ಟೂ ಸುತ್ತು ಬಿಚ್ಚಿಕೊಳ್ಳುತ್ತದೆ. ಎರಡನೆಯ ವರ್ಷ, ಮಳೆ ನಿಂತ ಒಂದು ಸಂಜೆ ಕಾಲುವೆಯ ದಡದಲ್ಲಿ ಬರುತ್ತಿದ್ದಾಗ ಮುಂಚಕ್ರದಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಎಲೆ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಇಳಿದು ನೋಡಿದರೆ ಎಡಗಡೆಯ ಕೆಳಗಿನ ಬೋಲ್ಟೇ ಇರಲಿಲ್ಲ, ಕ್ಯಾರಿಯರಿನ ಕಾಲು ಒಳಕ್ಕೆ ವಾಲಿ ಚಕ್ರದ ಕಡ್ಡಿಗಳನ್ನು ಸವರುತ್ತಿತ್ತು. ಇನ್ನು ಎರಡು ಬೆರಳು ವಾಲಿದ್ದರೆ ಚಕ್ರ ಕಚ್ಚಿಕೊಂಡು ನಿಲ್ಲುತ್ತಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಹೊರಡುವ ಮುನ್ನ ನಾಲ್ಕೂ ಬೋಲ್ಟುಗಳನ್ನು ಕೈಯಿಂದ ಮುಟ್ಟಿ ನೋಡುತ್ತೇನೆ.

ಮೂರನೆಯದು, ಪೆಡಲು ಕೂರುವ ಮುಂದಿನ ಕೊಳವೆಯ ಮೇಲೆ ಪುಟ್ಟ ಕ್ಯಾರಿಯರ್. ಮಳೆ ಅಂಗಿ, ಬಿಸ್ಕತ್ತು ಇಡಲು ಪರವಾಗಿಲ್ಲ. ಒಂದೂವರೆ ಕಿಲೋ ದಾಟಿಸಬೇಡಿ.

ಉತ್ತರ, ಜರ್ಮನಿಯ ಆಖೆನ್‌ನಿಂದ:

ಉಟ್ರೆಕ್ಟ್‌ನ ಅಣ್ಣ ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಮುಂದಿನ ಕೊಳವೆಯ ವಿಷಯ ಬಿಟ್ಟು. ಕಾಲಿನ ಉದ್ದಕ್ಕೆ ತಕ್ಕಂತೆ ಜಾರಿಸಿ ಬಿಗಿಯುವ ಕೊಳವೆ ಅದು. ಅದರ ಮೇಲೆ ಒಂದು ಕಿಲೋ ಕುಣಿದರೂ ಬಿಗಿತ ತಪ್ಪುತ್ತದೆ ಎನ್ನುವುದು ನನ್ನ ಅನುಭವ. ದೀಪವೊಂದು ಇರಲಿ, ಮಿಕ್ಕದ್ದು ಬೇಡ.

ನನ್ನದು ಜರ್ಮನಿಯ ಎಚ್‌ಪಿ ವೆಲೋಟೆಕ್ನಿಕ್ ಕಂಪನಿಯ ಸ್ಟ್ರೀಟ್ ಮಷೀನ್. ಆಸನದ ಕೆಳಗೆ ಕ್ಯಾರಿಯರ್ ಇದೆ. ಗ್ಯಾಸ್ ಒಲೆ, ಅಕ್ಕಿ, ನೀರು, ಉಪಕರಣ, ಭಾರವಾದದ್ದೆಲ್ಲ ಅಲ್ಲಿಗೆ. ಮಲಗುವ ಚೀಲ, ಬಟ್ಟೆ ಹಿಂದಕ್ಕೆ. ನೀವು ಲಿಂಬರ್ಗಿಗೆ ಬರುತ್ತಿರುವುದರಿಂದ ಒಂದು ಎಚ್ಚರಿಕೆ. ಫಾಲ್ಸರ್‌ಬೆರ್ಖ್ ದಿಣ್ಣೆ 322 ಮೀಟರ್ ಎತ್ತರ, ನಮ್ಮ ಮನೆಯ ಪಕ್ಕದಲ್ಲೇ ಇದೆ. ನಮ್ಮ ಮಲೆನಾಡಿನ ಕಣ್ಣಿಗೆ ಅದು ಏನೂ ಅಲ್ಲ, ಆದರೆ ಇಳಿಜಾರು ಕಡಿದು. ಹಿಂದೆ ಫೋರ್ಕಿಗೆ ಚೀಲ ಹಾಕಿದ್ದ ಕಾಲದಲ್ಲಿ ಒಮ್ಮೆ ಬಲಚೀಲದ ಎರಡು ನೀರಿನ ಬಾಟಲಿ ಖಾಲಿಯಾಗಿತ್ತು, ಎಡಚೀಲ ತುಂಬಿಯೇ ಇತ್ತು. ಇಳಿಯುವಾಗ ಹ್ಯಾಂಡಲ್ ಗಡಗಡ ನಡುಗಲು ಶುರುವಾಗಿ ಮೊಣಕೈವರೆಗೂ ಬಂತು. ಎರಡೂ ಬ್ರೇಕುಗಳನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದೆ. ಚೀಲ ತುಂಬಿದ ಮೇಲೆ ತಕ್ಕಡಿಯಲ್ಲಿ ತೂಗಿ ಎಡಬಲ ಸಮ ಮಾಡಿ. ನೀರನ್ನು ಫೋರ್ಕಿನ ಚೀಲದಲ್ಲಿ ಇಡಲೇಬೇಡಿ.

ಕ್ಯಾರಿಯರೇ ಬೇಡ ಎನ್ನುವಂತಿದ್ದರೆ, ನಿಮ್ಮ ದೇಶದಲ್ಲೇ ರ‍್ಯಾಡಿಕಲ್ ಡಿಸೈನ್ ಎಂಬುವರು ಆಸನದ ಎರಡು ಪಕ್ಕಕ್ಕೆ ಜೋತುಬೀಳುವ ಬಾಳೆಹಣ್ಣಿನ ಆಕಾರದ ಚೀಲ ಮಾಡುತ್ತಾರೆ. ಅದರ ಭಾರವೂ ಚಕ್ರಗಳ ನಡುವೆಯೇ ಕೂರುತ್ತದೆ.

ಮತ್ತೆ ಐಂಡ್‌ಹೋವನ್‌ನಿಂದ:

ಇಬ್ಬರಿಗೂ ಮನಸಾರೆ ಧನ್ಯವಾದ. ಭಾನುವಾರ ರಟ್ಟಿನ ಪರೀಕ್ಷೆ ಮಾಡಿದೆವು. ನೇರ ಹೋಗುವಾಗಲೇ ಎರಡೂ ಹಿಮ್ಮಡಿಗಳು ತಾಗುತ್ತವೆ, ಫೋರ್ಕಿನ ಯೋಚನೆ ಬಿಟ್ಟೆ. ಆಸನದ ಕೆಳಗೆ ಒರೆಸಿ ನೋಡಿದಾಗ ಚೌಕಟ್ಟಿನ ಎರಡೂ ಪಕ್ಕದಲ್ಲಿ ಬಣ್ಣ ತುಂಬಿ ಮುಚ್ಚಿಹೋಗಿದ್ದ, ಒಳಗೆ ಮರೆ (ಬೋಲ್ಟು ಕಚ್ಚುವ ಸುತ್ತುಗೆರೆ) ಇರುವ ತೂತುಗಳು ಸಿಕ್ಕವು! ಕ್ಯಾರಿಯರ್ ಕೂರಿಸಲೆಂದೇ ಬಿಟ್ಟವು ಇರಬೇಕು. ಇನ್ನೊಂದೇ ಸಂದೇಹ: ಅಲ್ಲಿ ಕ್ಯಾರಿಯರ್ ಬಂದರೆ ಚೈನಿನ ಕೊಳವೆಗೂ ಅದರ ಕಂಬಿಗೂ ಒಂದೇ ಸೆಂಟಿಮೀಟರ್ ಅಂತರ ಉಳಿಯುತ್ತದೆ. ಸಾಕೇ?

ಆಖೆನ್‌ನಿಂದ:

ಚೈನು ದೊಡ್ಡ ಗೇರಿನಲ್ಲೂ ಚಿಕ್ಕದರಲ್ಲೂ ಇರುವಾಗ ಅಳೆಯಿರಿ, ಕೊಳವೆ ಜಾಗ ಬದಲಿಸುತ್ತದೆ. ಎರಡರಲ್ಲೂ ಒಂದು ಸೆಂಟಿಮೀಟರ್ ಉಳಿದರೆ ಸಾಕು. ಬಣ್ಣ ತುಂಬಿದ ತೂತಿಗೆ ಬೋಲ್ಟನ್ನು ಬಲವಂತದಿಂದ ತಿರುಗಿಸಬೇಡಿ, ಮೊದಲು ಐದು ಮಿಲಿಮೀಟರಿನ ಟ್ಯಾಪ್ (ಸುತ್ತುಗೆರೆ ಕೊರೆಯುವ ಉಪಕರಣ) ಹಾಕಿ ಮರೆ ಬಿಡಿಸಿ. ಆ ದಿಣ್ಣೆಯ ಬಳಿಯ ಫಾಲ್ಸ್ ಊರಿಗೆ ಬಂದಾಗ ತಿಳಿಸಿ, ಊಟಕ್ಕೆ ನಮ್ಮಲ್ಲಿಗೇ ಬನ್ನಿ.