ಬ್ಯಾಂಕ್ ಹರಾಜಿನ ಮನೆ: ನಮ್ಮ ಪರ ನೋಡುವವರು ಯಾರು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದಲ್ಲಿ ಸಾಲ ತೀರದ ಮನೆಯೊಂದನ್ನು ಬ್ಯಾಂಕು ಸರ್ಫೇಸಿ ಕಾಯ್ದೆಯಡಿ (ನ್ಯಾಯಾಲಯಕ್ಕೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅವಕಾಶ ಕೊಡುವ ಕಾಯ್ದೆ) ಇ-ಹರಾಜಿಗೆ ಇಟ್ಟಿದೆ. ಬ್ಯಾಂಕಿನ ವಕೀಲರೇ ದಾಖಲೆ ನೋಡಿರುವಾಗ ಬೇರೆ ವಕೀಲರಿಗೆ ಫೀಸು ಕೊಡುವುದು ದಂಡ ಎಂದು ಮನೆ ತೋರಿಸಿದ ಮಧ್ಯವರ್ತಿ ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ನಮಸ್ಕಾರ. ಆ ವಕೀಲರು ದಾಖಲೆ ನೋಡಿದ್ದು ಬ್ಯಾಂಕಿನ ಸಾಲದ ಭದ್ರತೆಗಾಗಿ; ಅದರಲ್ಲಿ ಲೋಪವಿದ್ದರೆ ಅವರು ನಿಮಗೆ ಉತ್ತರ ಹೇಳಬೇಕಾದವರಲ್ಲ. ಮಧ್ಯವರ್ತಿಗೆ ವ್ಯಾಪಾರ ಕುದುರಿದರೆ ಮಾತ್ರ ಕಮಿಷನ್, ಹಾಗಾಗಿ "ಈ ಮನೆ ಬೇಡ" ಎಂಬ ಮಾತನ್ನು ಅವರಿಂದ ನಿರೀಕ್ಷಿಸಲಾಗದು. ಆ ಮಾತನ್ನು ಹೇಳಬಲ್ಲ ವಕೀಲರನ್ನು ಬಿಡ್ ಹಾಕಲು ಬೇಕಾದ ಮುಂಗಡ ಠೇವಣಿ ಕಟ್ಟುವ ಮೊದಲೇ ನೇಮಿಸಿಕೊಳ್ಳಿ.

ಅವರು ಮೊದಲು ನೋಡಬೇಕಾದದ್ದು ಬ್ಯಾಂಕಿನ ಬಳಿ ಇರುವುದು ಸಾಂಕೇತಿಕ ಸ್ವಾಧೀನವೋ (ಕಾಗದದ ಮೇಲಷ್ಟೇ) ಭೌತಿಕ ಸ್ವಾಧೀನವೋ (ಮನೆಯೇ ಕೈಗೆ ಬಂದದ್ದು) ಎಂಬುದನ್ನು. ಸಾಂಕೇತಿಕವಾಗಿದ್ದರೆ ಮನೆಯೊಳಗೆ ಸಾಲಗಾರರೋ ಬಾಡಿಗೆದಾರರೋ ಇನ್ನೂ ವಾಸವಿರಬಹುದು, ಇದೇ ಕಾಯ್ದೆಯ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶದಿಂದ ಅವರನ್ನು ತೆರವುಗೊಳಿಸುವವರೆಗೆ ನಿಮ್ಮ ಹಣ ಸಿಕ್ಕಿಕೊಂಡಿರುತ್ತದೆ. ಬ್ಯಾಂಕಿನ ಕ್ರಮ ಪ್ರಶ್ನಿಸಿ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಅರ್ಜಿಯಿದೆಯೇ ಎಂಬುದನ್ನೂ ವಿಚಾರಿಸಬೇಕು. "ಇದ್ದಲ್ಲಿ ಇದ್ದಂತೆ" ಎಂಬ ಷರತ್ತಿನ ಮೇಲೆ ಮಾರುವುದರಿಂದ ಬಾಕಿ ಕಂದಾಯ, ವಿದ್ಯುತ್ ಬಿಲ್ಲುಗಳೂ ಬಹುಮಟ್ಟಿಗೆ ನಿಮ್ಮ ತಲೆಗೇ ಬರುತ್ತವೆ.

ಹಣದ ಗಡುವು ಇನ್ನೂ ಬಿಗಿ. ಬಿಡ್ ನಿಮ್ಮದಾದರೆ, ಠೇವಣಿಯೂ ಸೇರಿ ಶೇ. 25ನ್ನು ಅದೇ ದಿನ ಅಥವಾ ತಡವಾದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು, ಉಳಿದ ಶೇ. 75ನ್ನು ಮಾರಾಟ ದೃಢೀಕರಣವಾದ 15 ದಿನಗಳಲ್ಲಿ, ಇಲ್ಲವೇ ಲಿಖಿತವಾಗಿ ಒಪ್ಪಿದ, ಮೂರು ತಿಂಗಳು ಮೀರದ ಅವಧಿಯಲ್ಲಿ ಕಟ್ಟಬೇಕು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ, ಇಡೀ ಶೇ. 25ರ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ. ಗೃಹಸಾಲ ನೆಚ್ಚಿಕೊಂಡು ಬಿಡ್ ಹಾಕುವವರು ಇದನ್ನು ಎರಡು ಸಲ ಓದಬೇಕು.

ಪ್ರಶ್ನೆ: ಧನ್ಯವಾದ ಸರ್. ತಂದೆಯವರ ಕಾಲದಿಂದ ನಮ್ಮ ಜಮೀನಿನ ದಾವೆಗಳನ್ನು ನಡೆಸುತ್ತಿರುವ ವಕೀಲರೊಬ್ಬರಿದ್ದಾರೆ. ಅವರೇ ಸಾಕಾಗುವುದಿಲ್ಲವೇ?

ಉತ್ತರ: ಹಕ್ಕುಪತ್ರ, ಋಣಭಾರ ಪತ್ರ, ಇ-ಖಾತೆ ಪರಿಶೀಲನೆಗೆ ಅವರೇ ಸಾಕು, ನಿವೇಶನದ ಮೂಲ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದು ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡಬರುತ್ತದೆಯೇ ಎಂಬುದನ್ನು ಹಳೆಯ ಪಹಣಿ ಓದಿ ಬಲ್ಲ ಊರಿನ ವಕೀಲರೇ ಚೆನ್ನಾಗಿ ಹೇಳಬಲ್ಲರು. ಆದರೆ ಸರ್ಫೇಸಿ ತಕರಾರು ತುಮಕೂರಿನ ಸಿವಿಲ್ ನ್ಯಾಯಾಲಯದಲ್ಲಿ ನಡೆಯುವುದಿಲ್ಲ, ಬೆಂಗಳೂರಿನ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ನಿಯಮಿತವಾಗಿ ಹಾಜರಾಗುವ ಇನ್ನೊಬ್ಬರು ಹರಾಜಿನ ಭಾಗವನ್ನಷ್ಟೇ ನೋಡಿಕೊಡಲಿ. ಈ ಬ್ಯಾಂಕಿನ ಅಥವಾ ಸಾಲಗಾರರ ಪರ ಎಂದಾದರೂ ಹಾಜರಾಗಿದ್ದೀರಾ ಎಂದು ಅವರನ್ನು ಸಂಕೋಚವಿಲ್ಲದೆ ಕೇಳಿ. ಫೀಸನ್ನು ನಿಗದಿ ಮಾಡಿಕೊಳ್ಳಿ. "ಮನೆ ಸಿಕ್ಕರೆ ಇಷ್ಟು" ಎಂದು ಫಲಕ್ಕೆ ಗಂಟುಹಾಕಿದ ಫೀಸನ್ನು ವಕೀಲರ ಪರಿಷತ್ತಿನ ನಿಯಮಗಳೇ ಒಪ್ಪುವುದಿಲ್ಲ.